ಚಾವಡಿಯೊಳಗೆ ಒಬ್ಬಳೇ

ಇದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಜ್ಜನ ಮನೆಯ ಚಾವಡಿ. ನೆಲ ಒರೆಸಿದ್ದು, ಕಿಟಕಿ ಮುಚ್ಚಿದ್ದು ವಿಡಿಯೋದಲ್ಲಿ ನಿಮಗೇ ಕಾಣುತ್ತಿದೆ, ಬಿಡಿ. ಮಾಡುತ್ತಿರುವುದು ನಾಲ್ಕು ನಿಮಿಷದ ಡ್ಯಾನ್ಸ್ ಫಿಲ್ಮ್. ವೇದಿಕೆಗಲ್ಲ, ಕ್ಯಾಮೆರಾಕ್ಕೆಂದೇ ಕಟ್ಟಿದ ಕುಣಿತ.

ವಿಷಯ 2020ರ ಮಾರ್ಚ್. ಆಗ ಕೊರೊನಾಕ್ಕೆಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಆಸ್ಪತ್ರೆಗೂ ಮಂಗಳೂರನ್ನೇ ನಂಬಿದ ಊರು ನಮ್ಮದು. ನನ್ನ ಭರತನಾಟ್ಯ ಕ್ಲಾಸೂ ಅಲ್ಲೇ, ಶನಿವಾರ ಶನಿವಾರ. ಅದು ನಿಂತೇ ಹೋಯಿತು. ಇದೇ ಜಾಗದಲ್ಲಿ ಒಬ್ಬಳೇ ಅಡವು, ಅಂದರೆ ಕುಣಿತದ ಮೂಲ ಹೆಜ್ಜೆ, ಹಾಕುತ್ತಿದ್ದೆ. ಟೀಚರು ತಾಳ ಹಾಕುವ ತಟ್ಟುಮಣೆಯ ಸದ್ದಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ.

ಈಗ ಈ ಗಿಂಬಲ್ ವಿಷಯ, ಅಂದರೆ ಓಡಾಡಿದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಬ್ಯಾಟರಿ ಹಿಡಿಕೋಲು. ದಿನಕ್ಕೆ 800 ರೂಪಾಯಿ ಬಾಡಿಗೆ, 3000 ಅಡ್ವಾನ್ಸ್. ಇಡೀ ದಿನ ಚಾರ್ಜ್ ನಿಲ್ಲುತ್ತದೆ ಅಂದಿದ್ದರು. ಮುಕ್ಕಾಲು ಗಂಟೆಗೆ ಸತ್ತಿತು! ಅದೂ ನಾನು ಅರೆಮಂಡಿಯಲ್ಲಿ ಕೂತು, ಮೂರನೇ ಟೇಕ್ ಸರಿಯಾಗಿ ಬರುತ್ತಿದ್ದಾಗ. ವಾಪಸ್ ಕೊಡಲು ಹೋದರೆ, ಹಿಡಿಯ ಹತ್ತಿರ ಗೀರು ಬಿದ್ದಿದೆ ಎಂದು 500 ಹಿಡಿದುಕೊಂಡರು. ಆ ಗೀರು ಮೊದಲೇ ಇತ್ತು. ತರುವಾಗ ಫೋಟೋ ತೆಗೆದಿಟ್ಟುಕೊಂಡಿರಲಿಲ್ಲ, ಹಾಗಾಗಿ ಮಾತು ನಡೆಯಲಿಲ್ಲ. ನೀವು ಬಾಡಿಗೆಗೆ ಏನು ತಂದರೂ ಅಂಗಡಿಯಲ್ಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಹಾಂ, ಇಲ್ಲಿ ನೋಡಿ, ಅಜ್ಜಿ ಬಂದರು. ನಾನು ಅಭಿನಯ ಮಾಡುತ್ತಿದ್ದೆ. "ಯಾರ ಹತ್ರ ಮಾತಾಡ್ತಾ ಇದ್ದಿ ಮಗಾ?" ಅಂತ ಕೇಳಿದರು. ಆ ಪ್ರಶ್ನೆ ಮನಸ್ಸಿಗೆ ನಾಟಿತು. ಅಭಿನಯದಲ್ಲಿ ಬರುವ ಎಂಟು ಬಗೆಯ ನಾಯಿಕೆಯರು, ಅಷ್ಟನಾಯಿಕೆಯರು, ಅವರಲ್ಲಿ ವಿರಹೋತ್ಕಂಠಿತೆ ಇದ್ದಾಳಲ್ವಾ, ನಲ್ಲ ಬರಲಿಲ್ಲವೆಂದು ಕೊರಗುವವಳು? ಅವಳಿಗೂ ಹೇಳಿಕೊಳ್ಳಲು ಸಖಿ ಇರುತ್ತಾಳೆ. 2020ರಲ್ಲಿ ಈ ಚಾವಡಿಯಲ್ಲಿ ಸಖಿ ಇರಲಿಲ್ಲ.

ಬಾಡಿಗೆಗೆ ತರುವಾಗ ಗಿಂಬಲ್ ಇಲ್ಲದೆ ಆಗುವುದೇ ಇಲ್ಲ ಅಂದಿದ್ದೆ. ಈಗ ಹೇಳುತ್ತೇನೆ, ಈ ಫಿಲ್ಮಿಗೆ ಅದು ಬೇಡವೇ ಬೇಡ. ಮೊದಲ ಎರಡು ಟೇಕ್ ನೋಡಿ. ನಾನು ಹೋದಲ್ಲೆಲ್ಲ ಕ್ಯಾಮೆರಾ ಬರುತ್ತಿದೆ, ಯಾರೋ ಜೊತೆಗಿದ್ದಾರೆ ಅನ್ನಿಸುತ್ತದೆ. ಬ್ಯಾಟರಿ ಸತ್ತ ಮೇಲೆ ನನ್ನ ತಮ್ಮ ಫೋನನ್ನು ಸ್ಟೂಲ್ ಮೇಲೆ ಡಬ್ಬಕ್ಕೆ ಒರಗಿಸಿಟ್ಟ. ನಾನು ಮೂಲೆಗೆ ಹೋದೆ, ಫ್ರೇಮ್ ದಾಟಿದೆ. ಫೋನ್ ಅಲ್ಲೇ ಇತ್ತು, ಖಾಲಿ ನೆಲ ತೋರಿಸುತ್ತಾ. ನನಗೆ ಬೇಕಾಗಿದ್ದ ಒಂಟಿತನ ಆ ಖಾಲಿ ನೆಲದಲ್ಲಿತ್ತು.

ಸ್ಲೋ ಮೋಷನ್ ಕೂಡ ತೆಗೆದು ಹಾಕಿದೆ. ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೆದು 24ಕ್ಕೆ ಇಳಿಸಿದರೆ ಎರಡೂವರೆ ಪಟ್ಟು ನಿಧಾನ. ಎಲ್ಲ ಚಂದ ಕಾಣುತ್ತದೆ, ಕಾಲಿನ ತೂಕವೇ ಹೋಗಿಬಿಡುತ್ತದೆ.

ಒಂದು ಕಟ್ ಮಾತ್ರ ಬಿಡುವುದಿಲ್ಲ. 1945ರಲ್ಲಿ ಅಮೆರಿಕದಲ್ಲಿ ನಿರ್ದೇಶಕಿ ಮಾಯಾ ಡೆರೆನ್ ಮಾಡಿದ ಪುಟ್ಟ ಫಿಲ್ಮಿನಲ್ಲಿ ನರ್ತಕ ಟ್ಯಾಲಿ ಬೀಟಿ ಕಾಡಿನಲ್ಲಿ ಕಾಲೆತ್ತುತ್ತಾರೆ. ಆ ಕಾಲು ಇಳಿಯುವುದು ಮನೆಯೊಳಗೆ! ನಡುವಿನ ದಾರಿಯೇ ಇಲ್ಲ. ನಮ್ಮದು ತಿರುಗಾಮುರುಗಾ. ಈ ಚಾವಡಿಯಲ್ಲಿ ಕೈ ಎತ್ತುತ್ತೇನೆ, ಅದು ತಲಪಾಡಿಯ ರಸ್ತೆ ಬದಿಯಲ್ಲಿ ಇಳಿಯಬೇಕು. ಆಗ ನನಗೆ ಹೋಗಲು ಆಗದಿದ್ದಲ್ಲಿಗೆ ಕೈಯಾದರೂ ಹೋಗಲಿ.

ಅಯ್ಯೋ, ಶಾಟ್ ಮುಗಿಯುತ್ತಾ ಬಂತು. ಕೈ ಎತ್ತಿದ್ದು ಇದೇ, ನೋಡಿಕೊಳ್ಳಿ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ತಲಪಾಡಿಗೆ ಹೋಗುತ್ತೇವೆ. ಇದೇ ಸೀರೆ, ಇದೇ ಬಳೆ. ಸ್ಟೂಲನ್ನೂ ಒಯ್ಯುತ್ತೇವೆ.