ಮರದ ಬುಡಕ್ಕೇ ಬರಬೇಕಾದ ಅತಿಥಿ

ಆತ್ಮೀಯರೇ, ನಮಸ್ಕಾರ.

ಕರಾವಳಿ, ಪ್ರವಾಸ, ಸ್ಥಳೀಯ ಮದ್ಯ ಎಂದ ಕೂಡಲೇ ಎಲ್ಲರ ಕಣ್ಣು ಗೋವಾದ ಫೆನಿಯ ಕಡೆಗೆ ಹೋಗುತ್ತದೆ. ಪೋರ್ಚುಗೀಸರು ತಂದ ಗೇರು ಮರದ ಹಣ್ಣು ಹಿಂಡಿ, ರಸ ಹುಳಿ ಬರಿಸಿ ಭಟ್ಟಿ ಇಳಿಸಿದರೆ ಮೊದಲು ಉರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. 2009ರಲ್ಲಿ ಗೇರು ಫೆನಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪಾರಂಪರಿಕ ಪಾನೀಯವೆಂದು ಒಪ್ಪಿತು. ಬೇಸಿಗೆಯಲ್ಲಿ ಭಟ್ಟಿ ನೋಡಲೆಂದೇ ಜನ ಹೋಗುತ್ತಾರೆ.

ದಕ್ಷಿಣ ಕನ್ನಡ, ಉಡುಪಿಯ ನಾವು ಪ್ರವಾಸಿಗರನ್ನು ಕರೆಯಲು ಇದನ್ನೇ ನಕಲು ಮಾಡಬೇಕೇ? ಬೇಡ. ರಾಜ್ಯದಲ್ಲಿ ಸಾರಾಯಿಗೆ 2007ರಿಂದ ನಿಷೇಧವಿದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಹತ್ತಿರ ನಮ್ಮದೇ ಒಂದು ಪೇಯವಿದೆ. ಕನ್ನಡದಲ್ಲಿ ಕಳ್ಳು, ತುಳುವಿನಲ್ಲಿ ಕಲಿ, ಅಬಕಾರಿ ಕಾಗದದಲ್ಲಿ ಶೇಂದಿ.

ಕಳ್ಳಿಗೆ ಕಾಯುವ ತಾಳ್ಮೆಯಿಲ್ಲ. ತೆಂಗಿನ ಇಲ್ಲವೇ ತಾಳೆ ಮರದ ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನಗಟ್ಟಲೆ ಮೆಲ್ಲಗೆ ಬಡಿದು ಹದ ಮಾಡಿ, ತುದಿ ಕೊಯ್ದರೆ ರಸ ತೊಟ್ಟಿಕ್ಕುತ್ತದೆ. ಮಡಕೆಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾಗಿ ಉಳಿದೀತು. ಇಲ್ಲವಾದರೆ ಮರದ ಮೇಲೆಯೇ ಹುದುಗಲು ಶುರು. ಬೆಳಗ್ಗೆ ಎಳೆಯದು, ಮಧ್ಯಾಹ್ನ ಖಾರ, ಮರುದಿನ ಹುಳಿ. ಅದನ್ನು ಬಾಟಲಿಗೆ ತುಂಬಿ ಬೆಂಗಳೂರಿಗೆ ಕಳಿಸಿದರೆ ಆ ರುಚಿ ದಾರಿಯಲ್ಲೇ ಮುಗಿದಿರುತ್ತದೆ. ವ್ಯಾಪಾರಿ ಇದನ್ನು ಕೊರತೆ ಎನ್ನುತ್ತಾನೆ. ನನಗೆ ಇದೇ ದೊಡ್ಡ ಬಂಡವಾಳವಾಗಿ ಕಾಣುತ್ತದೆ: ಕುಡಿಯಬೇಕೆಂದವನು ಮರದ ಬುಡಕ್ಕೇ ಬರಬೇಕು. ಬಂದವನು ಊರನ್ನೂ ನೋಡುತ್ತಾನೆ, ಕಳ್ಳು ಹಾಕಿ ಉಬ್ಬಿಸಿದ ಇಡ್ಲಿಯಂಥ ಸನ್ನಣವನ್ನೂ ತಿನ್ನುತ್ತಾನೆ. ಕೇರಳದ ಕಳ್ಳಂಗಡಿಗಳಿಗೆ ಮರಗೆಣಸು, ಮೀನುಸಾರಿಗೆಂದೇ ಸಂಸಾರ ಸಮೇತ ಹೋಗುವವರಿದ್ದಾರಲ್ಲ.

ಆದರೆ ಬಂದವರಿಗೆ ಏನನ್ನು ತೋರಿಸಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ತುಳುನಾಡಿನ ದೈವ ಕೊರಗಜ್ಜನನ್ನು ಸಾಕಿದವಳು ಕಳ್ಳು ಮಾರುವ ಹೆಂಗಸು ಎನ್ನುತ್ತದೆ ಪಾಡ್ದನ, ಅಂದರೆ ತುಳುವಿನ ಕಥನಗೀತೆ. ಇಂದಿಗೂ ಅಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಇಟ್ಟು ಕೈ ಮುಗಿಯುತ್ತೇವೆ. ಅದು ಹರಕೆ. ಅದನ್ನು ಕ್ಯಾಮೆರಾ ಮುಂದೆ ಆಟವಾಗಿಸುವ ಯೋಜನೆಗೆ ನನ್ನ ಒಪ್ಪಿಗೆ ಎಂದಿಗೂ ಇಲ್ಲ.

ಬೆರಕೆ ಕಳ್ಳು, ಕುಡಿತದಿಂದ ಹಾಳಾದ ಮನೆಗಳು, ಇವೂ ನಮ್ಮ ಕಣ್ಣೆದುರಿಗಿವೆ. ಹಾಗಾಗಿ ಅತಿಥಿಗೆ ಒಂದೆರಡು ಲೋಟವಷ್ಟೇ, ಊಟದ ಜೊತೆಗೆ. ಗಾಡಿ ಓಡಿಸುವವರಿಗೆ, ಮಕ್ಕಳಿಗೆ ಸುಣ್ಣದ ಮಡಕೆಯ ಸಿಹಿ ನೀರಾ.

ಇನ್ನು ಹಣದ ಮಾತು. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಈ ಕಸುಬಿನವರನ್ನು ನಾವು ಮೂರ್ತೆದಾರರು ಎನ್ನುತ್ತೇವೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತುತ್ತಾರೆ, ಜೀವ ಕೈಯಲ್ಲಿ ಹಿಡಿದು. ಮಕ್ಕಳು ಈ ಕಸುಬಿಗೆ ಬರುತ್ತಿಲ್ಲ; ಬಾ ಎನ್ನಲು ನಮಗೆ ಬಾಯಿಯೂ ಇಲ್ಲ. ಮೂರ್ತೆದಾರರ ಸಹಕಾರ ಸಂಘಗಳು ನಮ್ಮಲ್ಲಿ ಆಗಲೇ ಇವೆ. ಪ್ರವಾಸ ಅವುಗಳ ಕೈಯಲ್ಲೇ ನಡೆಯಲಿ, ರೆಸಾರ್ಟಿನವರು ಅವರಲ್ಲಿಗೆ ಬಂದು ಕೇಳಲಿ. ಟಿಕೆಟಿನ ಮೊದಲ ಪಾಲು ಹತ್ತುವವನ ವಿಮೆಗೆ. ಮಳೆಗೆ ಮರ ಜಾರುತ್ತದೆ, ಇವತ್ತು ಹತ್ತುವುದಿಲ್ಲ ಎಂದು ಆತ ಹೇಳಿದರೆ ಅವತ್ತು ಪ್ರವಾಸವಿಲ್ಲ. ಬಂದವರ ದುಡ್ಡು ವಾಪಸ್, ಆತನ ದಿನದ ಕೂಲಿ ಆತನಿಗೆ.