ಸೊಂಟ ಬಿದ್ದ ನಾಯಿಯ ದಿನಚರಿ

ಕೇಳುಗರೇ, ನಮಸ್ಕಾರ. ಕಾರೋ ಬೈಕೋ ಗುದ್ದಿ, ಹಿಂಗಾಲು ಎಳೆದುಕೊಂಡು ತೆವಳುವ ಬೀದಿನಾಯಿಯನ್ನು ನೀವು ನೋಡಿರುತ್ತೀರಿ. ಆಶ್ರಯಧಾಮಕ್ಕೆ ತಂದು ಬಿಟ್ಟವರು ಮೊದಲು ಕೇಳುವುದು, "ಮತ್ತೆ ನಡೆಯುತ್ತದಾ?" ಅಲ್ಲಿ ನೋಡಿಕೊಳ್ಳುವವರಿಗೆ ಬೇಕಾದ ಉತ್ತರವೇ ಬೇರೆ: ಉಚ್ಚೆ ಹೊಯ್ಯುತ್ತಿದೆಯಾ?

ಎತ್ತುವ ಮುಂಚೆ ಒಂದು ಎಚ್ಚರ. ಗಾಯವೇ ಕಾಣದೆ ಸೊಂಟ ಬಿದ್ದಿದ್ದರೆ, ದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ ರೇಬಿಸ್ ಇರಬಹುದು. ಕೈ ಹಾಕದೆ ಪಶುವೈದ್ಯರಿಗೆ ತಿಳಿಸಿ. ಅಪಘಾತವೇ ಹೌದಾದರೆ ಬಾಯಿಗೆ ಬಟ್ಟೆಪಟ್ಟಿ ಸುತ್ತಿ, ನಾಯಿಯನ್ನು ಹಲಗೆಯ ಮೇಲೆ ಮೆಲ್ಲಗೆ ಸರಿಸಿ. ಏದುಸಿರು, ವಾಂತಿ ಇದ್ದರೆ ಬಾಯಿ ಕಟ್ಟಬೇಡಿ. ಹಿಂಗಾಲು ಹಿಡಿದು ಎತ್ತಿದರೆ ಮುರಿದ ಮೂಳೆ ಬೆನ್ನುಹುರಿಯನ್ನು ಇನ್ನಷ್ಟು ಜಜ್ಜುತ್ತದೆ. ಮನೆಯಲ್ಲಿರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆ ಕೊಡಲೇಬಾರದು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಕಿಡ್ನಿ ಕೆಡುತ್ತದೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ.

ನೋವು ತಿಳಿಯುತ್ತದೆಯೇ ಎಂದು ನೋಡಲು ವೈದ್ಯರು ಹಿಂಗಾಲಿನ ಬೆರಳ ಬುಡವನ್ನು ಇಕ್ಕಳದಿಂದ ಗಟ್ಟಿಯಾಗಿ ಚಿವುಟುತ್ತಾರೆ. ಕಾಲು ಸರಕ್ಕನೆ ಹಿಂದಕ್ಕೆ ಹೋಯಿತೆಂದು ಜೊತೆಯಲ್ಲಿದ್ದವರು ಹಿಗ್ಗುವುದುಂಟು. ಅದು ಬರೀ ಪ್ರತಿವರ್ತನೆ ಇರಬಹುದು, ಮೆದುಳಿಗೆ ಸುದ್ದಿಯೇ ಹೋಗಿರಲಿಕ್ಕಿಲ್ಲ. ನಾಯಿ ತಿರುಗಿ ನೋಡಬೇಕು, ಕುಂಯ್‌ಗುಟ್ಟಬೇಕು, ಕಚ್ಚಲು ಬರಬೇಕು. ಆಗ ಆಸೆ ಇಟ್ಟುಕೊಳ್ಳಬಹುದು. ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಮಾಡುವುದಾದರೆ ಮಗ್ಗುಲು ಬದಲಿಸುವಷ್ಟೇ ಜಾಗದ ಗೂಡಿನಲ್ಲಿ 4ರಿಂದ 6 ವಾರ ವಿಶ್ರಾಂತಿ.

ಇನ್ನು ಉಚ್ಚೆಯ ವಿಷಯ. ಮೂತ್ರಕೋಶಕ್ಕೆ ನರದ ಹಿಡಿತ ತಪ್ಪಿದ್ದರೆ ದಿನಕ್ಕೆ 3ರಿಂದ 4 ಸಲ ಕೈಯಿಂದಲೇ ಖಾಲಿ ಮಾಡಿಸಬೇಕು. ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಭಾಗದಲ್ಲಿ ನೀರು ತುಂಬಿದ ಬಲೂನಿನಂತೆ ಸಿಗುತ್ತದೆ. ಎರಡೂ ಪಕ್ಕದಿಂದ ಅಂಗೈ ಚಪ್ಪಟೆಯಾಗಿಟ್ಟು, ಬಾಲದ ಕಡೆಗೆ, ಒಂದೇ ಸಮನೆ ಒತ್ತಬೇಕು. ಬೆರಳ ತುದಿಯಿಂದ ತಿವಿಯಬಾರದು, ಜೋರಾಗಿ ಹಿಂಡಿದರೆ ಕೋಶ ಒಡೆದೀತು. ಗಂಡುನಾಯಿಗೆ ಸ್ವಲ್ಪ ಕಷ್ಟ, ಮೊದಲ ದಿನಗಳಲ್ಲಿ ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ತೆಳು ಕೊಳವೆ, ಬೇಕಾಗಬಹುದು. ಹಾಸಿಗೆ ಒದ್ದೆಯಾಗಿದ್ದರೆ "ಸದ್ಯ, ತಾನೇ ಹೊಯ್ಯುತ್ತಿದೆ" ಎಂದು ಬಿಟ್ಟುಬಿಡಬೇಡಿ. ಹೆಚ್ಚಿನ ಸಲ ಅದು ತುಂಬಿ ಸೋರುವ ಮೂತ್ರ. ಒಳಗೆ ಉಳಿದದ್ದು ಕೀವಾಗಿ ಕಿಡ್ನಿಗೆ ಏರುತ್ತದೆ. ಕೆಟ್ಟ ವಾಸನೆ, ಕಲಕಿದ ಬಣ್ಣ, ರಕ್ತದ ಎಳೆ ಕಂಡ ದಿನವೇ ಮೂತ್ರಪರೀಕ್ಷೆ. ನಡೆಯಲಾರದ ನಾಯಿ ವರ್ಷಗಟ್ಟಲೆ ಬದುಕುತ್ತದೆ, ಈ ಕೆಲಸ ತಪ್ಪಿದರೆ ಉಳಿಯುವುದಿಲ್ಲ.

ಚರ್ಮಕ್ಕೂ ಇದೇ ಕಾಟ. ತೊಡೆಸಂದಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ವ್ಯಾಸಲೀನ್ ಹಚ್ಚಬೇಕು. ದಿನವಿಡೀ ಡೈಪರ್ ಕಟ್ಟಿಡುವುದು ಸೋಮಾರಿಗಳ ಉಪಾಯ, ಚರ್ಮ ಬೆಂದುಹೋಗುತ್ತದೆ. ಸಿಮೆಂಟ್ ನೆಲದಲ್ಲಿ ತೆವಳಿ ಪಾದದ ಮೇಲ್ಭಾಗ ಮೂಳೆ ಕಾಣುವವರೆಗೆ ಸವೆದರೂ ನಾಯಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ನೊಣ ಕೂತು ಹುಳ ಬಿದ್ದರೂ ಅಷ್ಟೇ. ಬೆಳಿಗ್ಗೆ ಸಂಜೆ ಬಾಲ ಎತ್ತಿ, ಬೆರಳಸಂದಿ ಬಿಡಿಸಿ ನೋಡಲೇಬೇಕು. ಹುಳಕ್ಕೆ ಫಿನಾಯಿಲ್, ಪೆಟ್ರೋಲ್ ಸುರಿಯಬೇಡಿ.

ಗಾಯ ಆರಿ, ಮೂಳೆ ಗಟ್ಟಿಯಾದ ಮೇಲೆ ಸೊಂಟವನ್ನು ಹೊರುವ ಗಾಲಿಬಂಡಿ. ಪಿವಿಸಿ ಪೈಪಿನಲ್ಲೂ ಮಾಡಿಕೊಳ್ಳಬಹುದು, ಅಳತೆ ಮಾತ್ರ ಆಯಾ ನಾಯಿಯದೇ ಆಗಬೇಕು. ಬೆನ್ನು ನೆಲಕ್ಕೆ ಸಮವಾಗಿರಬೇಕು. ಹಿಂದೆ ಎತ್ತರವಾದರೆ ಭಾರವೆಲ್ಲ ಮುಂಗಾಲಿಗೆ ಬಿದ್ದು ಭುಜ ಸೋಲುತ್ತದೆ. ಮೊದಲಿಗೆ 10 ನಿಮಿಷ ಸಾಕು, ಬಿಚ್ಚಿದ ಮೇಲೆ ಕಂಕುಳಲ್ಲಿ ಪಟ್ಟಿ ಉಜ್ಜಿದೆಯೇ ನೋಡಿ. ಬಂಡಿಯಲ್ಲಿ ನಾಯಿ ಮಲಗಲಾರದು, ಮಗುಚಿದರೆ ಏಳಲಾರದು. ಹಾಗಾಗಿ ಕಣ್ಣಳತೆಯಲ್ಲೇ ಇರಬೇಕು. ಬಂಡಿ ಕಂಡರೆ ಆಶ್ರಯಧಾಮದಲ್ಲಿ ಮೊದಲಿನಿಂದ ಇರುವ ನಾಯಿಗಳು ಬೆದರಿ ಮೈಮೇಲೆ ಬೀಳುವುದುಂಟು. ಶಾಂತ ಸ್ವಭಾವದ ಒಂದನ್ನು ಮಾತ್ರ ಮೊದಲು ಜೊತೆಗೆ ಬಿಡುತ್ತಾರೆ.

ಸಂತಾನಹರಣ ಮಾಡಿದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮ ಹೇಳುತ್ತದೆ. ಇಂಥ ನಾಯಿಯನ್ನು ಬೀದಿಗೆ ಬಿಡುವುದೆಂತು? ಆಶ್ರಯಧಾಮದಲ್ಲೇ ಇರುತ್ತದೆ, ಇಲ್ಲವೇ ಯಾರಾದರೂ ಮನೆಗೆ ಕರೆದೊಯ್ಯುತ್ತಾರೆ. ಕರೆದೊಯ್ಯುವವರು ಮೊದಲು ಅಲ್ಲಿಗೇ ಬಂದು ಮೂತ್ರ ತೆಗೆಸುವುದನ್ನು ಕೈಯಾರೆ ಕಲಿಯಬೇಕು. ಮನೆಯಲ್ಲಿ ಇಬ್ಬರಿಗಾದರೂ ಅದು ಬರಬೇಕು, ಒಬ್ಬರು ಮದುವೆಗೋ ಜಾತ್ರೆಗೋ ಊರಿಗೆ ಹೊರಟರೆ ಇನ್ನೊಬ್ಬರು ಮಾಡಬೇಕಲ್ಲ.