ಬೇಲಿ ಒಂದು ನಂಬರಿಗೆ, ಮಾಲು ಪಕ್ಕದ ನಂಬರಿನಲ್ಲಿ

ನಮಸ್ಕಾರ. ಸುಲಿದರೂ ಅಡಿಕೆ ಅಡಿಕೆಯೇ, ಹುರಿದರೂ ಅಡಿಕೆಯೇ. ಶಿರಸಿಯಲ್ಲೋ ಪುತ್ತೂರಿನಲ್ಲೋ ಯಾರನ್ನು ಕೇಳಿದರೂ ಇದನ್ನೇ ಹೇಳ್ತಾರೆ. ಕಸ್ಟಮ್ಸ್ ಪುಸ್ತಕದಲ್ಲಿ ಹಾಗಿಲ್ಲ, ಅಲ್ಲಿ ಒಂದೊಂದು ಮಾಲಿಗೂ ಒಂದೊಂದು ಕೋಡ್ ನಂಬರು, ಸುಂಕ ಆ ನಂಬರಿನ ಮೇಲೆ. ಸಾಮಾನ್ಯ ಒಣ ಅಡಿಕೆ 8ನೇ ಅಧ್ಯಾಯದಲ್ಲಿ, 0802ರ ಕೆಳಗೆ ಬರುತ್ತೆ. ಅದರ ಮೂಲ ಸುಂಕ ಶೇ 100. ಹುರಿದ ಅಡಿಕೆ 20ನೇ ಅಧ್ಯಾಯಕ್ಕೆ ಹೋಗಿ, 2008ರ ಕೆಳಗೆ, ಹುರಿದ ಬೀಜಗಳ ಸಾಲಿನಲ್ಲಿ ಕೂರುತ್ತೆ. ಆ ವಿಂಗಡಣೆ ಸರಿ ಅಂತ ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಪ್ಪಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ) ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ್ದರು. ಹುರಿದ ಅಡಿಕೆ ಆ ಬೇಲಿಯ ಹೊರಗೇ ಉಳಿಯಿತು. ಅದಕ್ಕೂ 351 ರೂಪಾಯಿ ಅಂತ ಆದೇಶ ಬಂದಿದ್ದು 2025ರ ಏಪ್ರಿಲ್‌ನಲ್ಲಿ.

ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ವ್ಯಾಪಾರ ಒಪ್ಪಂದದ ಮರುಪರಿಶೀಲನೆ ಬಗ್ಗೆ ಇವತ್ತು ಮಾತಾಡ್ತಿರೋದು ಇದೇ ಕಾರಣಕ್ಕೆ. ಟಿವಿ ಚರ್ಚೆಯಲ್ಲಿ ಸುಂಕ ಎಷ್ಟು ಪರ್ಸೆಂಟ್ ಅನ್ನೋದೊಂದೇ ಮಾತು. ನಮ್ಮ ಮಲೆನಾಡು, ಕರಾವಳಿಯ ಬೆಳೆಗಾರನಿಗೂ ಪೀಣ್ಯದ ಕಾರ್ಖಾನೆಗೂ ಪೆಟ್ಟು ಬೀಳ್ತಿರೋದು ಆ ಪರ್ಸೆಂಟಿನಿಂದ ಅಲ್ಲ. ಯಾವ ನಂಬರಿನ ಕೆಳಗೆ ಮಾಲು ಬರುತ್ತೆ, ಅದು ಯಾವ ದೇಶದ್ದು ಅಂತ ಹೇಗೆ ತೀರ್ಮಾನ ಆಗುತ್ತೆ, ಆಮದು ಏಕಾಏಕಿ ಉಕ್ಕಿದರೆ ಎಷ್ಟು ದಿನದಲ್ಲಿ ತಡೆ ಬೀಳುತ್ತೆ, ಪೆಟ್ಟು ಇರೋದು ಈ ಮೂರರಲ್ಲಿ.

ಮೊದಲು ಹಿನ್ನೆಲೆ. ಸರಕು ಒಪ್ಪಂದಕ್ಕೆ ಸಹಿ ಬಿದ್ದಿದ್ದು 2009ರ ಆಗಸ್ಟ್ 13ರಂದು, ಬ್ಯಾಂಕಾಕ್‌ನಲ್ಲಿ. ಜಾರಿಗೆ ಬಂದಿದ್ದು 2010ರ ಜನವರಿ 1ಕ್ಕೆ. ಆಗ ಆ ಕೂಟದಲ್ಲಿ ಹತ್ತು ದೇಶ. 2025ರ ಅಕ್ಟೋಬರ್‌ನಲ್ಲಿ ಟಿಮೋರ್-ಲೆಸ್ಟೆ ಸೇರಿ ಹನ್ನೊಂದಾಯಿತು. 2010–11ರಲ್ಲಿ ನಮ್ಮ ವ್ಯಾಪಾರ ಕೊರತೆ ಸುಮಾರು 500 ಕೋಟಿ ಡಾಲರ್ ಇತ್ತು. 2022–23ರಲ್ಲಿ ನಾವು ಕಳಿಸಿದ್ದು ಸುಮಾರು 4,400 ಕೋಟಿ ಡಾಲರ್ ಮಾಲು, ತರಿಸಿದ್ದು ಸುಮಾರು 8,700 ಕೋಟಿ ಡಾಲರಿನದು. ನಾವು ಶೇ 71ರಷ್ಟು ಸುಂಕದ ಸಾಲುಗಳನ್ನು (ಒಂದೊಂದು ಕೋಡಿಗೆ ಒಂದು ಸಾಲು) ತೆರೆದರೆ ಇಂಡೋನೇಷ್ಯಾ ನಮಗೆ ತೆರೆದಿದ್ದು ಶೇ 41 ಮಾತ್ರ ಅನ್ನೋದು ದೆಹಲಿಯ ಅಧಿಕಾರಿಗಳು ಕೊಡುವ ಲೆಕ್ಕ. ಪರಿಶೀಲನೆಯ ವ್ಯಾಪ್ತಿಗೆ ಸಚಿವರು ಒಪ್ಪಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಕಾಂಬೋಡಿಯಾದ ಸಿಯಮ್ ರೀಪ್‌ನಲ್ಲಿ. ಮರುವರ್ಷ ಇಂಡೋನೇಷ್ಯಾದ ಸೆಮಾರಾಂಗ್‌ನಲ್ಲಿ 2025ರ ಗಡುವು ಹಾಕಿಕೊಂಡರು.

ಕೊರತೆಯ ಅಂಕಿಯೊಂದನ್ನೇ ಹಿಡಿದು ಒಪ್ಪಂದ ಕೆಟ್ಟದ್ದು ಅನ್ನೋದನ್ನ ನಾನು ಒಪ್ಪಲ್ಲ. ಆ ಆಮದಿನಲ್ಲಿ ಕಲ್ಲಿದ್ದಲಿದೆ, ತಾಳೆ ಎಣ್ಣೆ ಇದೆ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿವೆ. ಒಪ್ಪಂದ ಇಲ್ಲದಿದ್ದರೂ ಅವನ್ನೆಲ್ಲ ಕೊಳ್ಳಲೇಬೇಕಿತ್ತು. ತಪ್ಪು ಬೇರೆ ಕಡೆ ಇದೆ.

ಒಪ್ಪಂದದಲ್ಲಿ ಭಾರತ 489 ಸಾಲುಗಳನ್ನು ಆರಂಕಿಯ ಕೋಡ್ ಪ್ರಕಾರ ಹೊರಗಿಟ್ಟಿದೆ. ಅವುಗಳಿಗೆ ರಿಯಾಯಿತಿ ಇಲ್ಲ. ಇನ್ನು ಕಾಫಿ, ಕಪ್ಪು ಚಹಾ, ಕಾಳುಮೆಣಸು, ಕಚ್ಚಾ ಮತ್ತು ಸಂಸ್ಕರಿತ ತಾಳೆ ಎಣ್ಣೆ 'ವಿಶೇಷ ಉತ್ಪನ್ನ'ಗಳು. ಕಾಫಿ ಸುಂಕ 100ರಿಂದ 45ಕ್ಕೆ, ಮೆಣಸಿನದು 70ರಿಂದ 50ಕ್ಕೆ, ಕಚ್ಚಾ ತಾಳೆ ಎಣ್ಣೆಯದು 80ರಿಂದ 37.5ಕ್ಕೆ ಇಳಿಯುತ್ತಾ ಬಂದು 2019ರ ಕೊನೆಗೆ ನಿಂತಿತು. ಕಾಗದದ ಮೇಲೆ ಇದು ಗಟ್ಟಿ ಗೋಡೆ.

ಈಗ ರಬ್ಬರ್ ನೋಡಿ. ಸುಳ್ಯ, ಬೆಳ್ತಂಗಡಿ ಕಡೆಯವರಿಗೆ ಈ ಕಥೆ ಚೆನ್ನಾಗಿ ಗೊತ್ತು. ಸಹಜ ರಬ್ಬರ್, ಅಂದರೆ 4001, ಹೊರಗಿಟ್ಟ ಪಟ್ಟಿಯಲ್ಲಿದೆ. ಅದೇ ರಬ್ಬರಿಗೆ ಒಂದಿಷ್ಟು ರಾಸಾಯನಿಕ, ಕಾರ್ಬನ್ ಬ್ಲ್ಯಾಕ್ ಬೆರೆಸಿದರೆ ಅದು 'ಕಾಂಪೌಂಡ್ ರಬ್ಬರ್', 4005. ಈ 4005 ಆಸಿಯಾನ್‌ನಿಂದ ಕಡಿಮೆ ಸುಂಕದಲ್ಲಿ ಬರುತ್ತೆ. 2023ರ ಬಜೆಟ್‌ನಲ್ಲಿ ಕಾಂಪೌಂಡ್ ರಬ್ಬರಿನ ಸುಂಕವನ್ನು ಶೇ 10ರಿಂದ 25ಕ್ಕೆ ಅಥವಾ ಕೆಜಿಗೆ 30 ರೂಪಾಯಿಗೆ, ಯಾವುದು ಕಡಿಮೆಯೋ ಅದಕ್ಕೆ ಏರಿಸಿದರು, ಸಹಜ ರಬ್ಬರಿಗೆ ಸರಿಸಮ ಮಾಡಿದೆವು ಅಂದರು. ಒಪ್ಪಂದದಡಿ ಬರುವ ಮಾಲಿಗೆ ಆ ಏರಿಕೆ ತಟ್ಟಲೇ ಇಲ್ಲ. ಒಪ್ಪಂದದಲ್ಲಿ ಬರೆದ ದರವನ್ನು ಬಜೆಟ್ ಭಾಷಣದಿಂದ ಬದಲಿಸೋಕಾಗಲ್ಲ, ಮಾತುಕತೆಯ ಮೇಜಿನಲ್ಲಿ ಮಾತ್ರ ಆಗುತ್ತೆ. ಅಡಿಕೆಯ 0802 ಮತ್ತು 2008, ರಬ್ಬರಿನ 4001 ಮತ್ತು 4005, ಎರಡರಲ್ಲೂ ಆಗಿದ್ದು ಒಂದೇ. ಹಾಗಾಗಿ ಹೊಸ ಪಟ್ಟಿಯಲ್ಲಿ ಬೆಳೆಯ ಇಡೀ ಕುಟುಂಬ ಸೇರಬೇಕು. ಕಾಯಿ, ಹುರಿದದ್ದು, ಪುಡಿ, ಬೆರಕೆ, ಅರೆ ಸಂಸ್ಕರಿತ, ಎಲ್ಲವೂ.

ಇನ್ನು ಮಾಲು ಯಾವ ದೇಶದ್ದು ಅಂತ ತೀರ್ಮಾನಿಸುವ ಮೂಲದ ನಿಯಮ. ಆಸಿಯಾನ್ ಮಾಲು ಅನ್ನಿಸಿಕೊಳ್ಳೋಕೆ ಎರಡು ಷರತ್ತು ಒಟ್ಟಿಗೆ ಪೂರೈಸಬೇಕು: ಶೇ 35 ಪ್ರಾದೇಶಿಕ ಮೌಲ್ಯ, ಜೊತೆಗೆ ಆರಂಕಿಯ ಕೋಡ್ ಬದಲಾಗಬೇಕು. ಲೆಕ್ಕ ಹೀಗೆ: ಹಡಗಿಗೆ ಏರಿಸುವಾಗಿನ ಬೆಲೆ 1000 ರೂಪಾಯಿ ಅಂತಿಟ್ಟುಕೊಳ್ಳಿ, ಅದರಲ್ಲಿ ಹೊರದೇಶದ ಕಚ್ಚಾಮಾಲು 650 ರೂಪಾಯಿ ಮೀರಬಾರದು. ಉಳಿದ 350ರಲ್ಲಿ ಕೂಲಿ, ಪ್ಯಾಕಿಂಗ್, ಬಾಡಿಗೆ ಎಲ್ಲ ಸೇರುತ್ತೆ, ಲಾಭವೂ ಸೇರುತ್ತೆ. ಗಮನ ಕೊಡಬೇಕಾಗಿರೋದು ಇಲ್ಲಿಗೆ. ಇನ್‌ವಾಯ್ಸ್ ಬೆಲೆಯನ್ನು 1200ಕ್ಕೆ ಎತ್ತಿದರೆ ಹೊರಗಿನ ಮಾಲು 780 ರೂಪಾಯಿವರೆಗೆ ಇದ್ದರೂ ನಿಯಮ ಪಾಸ್. ಏನೂ ಹೆಚ್ಚು ತಯಾರಿಸದೆ, ಬರೀ ಬಿಲ್ ಉಬ್ಬಿಸಿ 'ಸ್ಥಳೀಯ ಮೌಲ್ಯ' ಹುಟ್ಟಿಸಬಹುದು. ಅದೇ ಉಬ್ಬಿದ ಬಿಲ್ ಕನಿಷ್ಠ ಆಮದು ಬೆಲೆಯ ಗೋಡೆಯನ್ನೂ ದಾಟಿಸುತ್ತೆ! ಎರಡು ಕಾವಲು, ಕೀಲಿಕೈ ಒಂದೇ. ಸುಂಕ ಪೂರ್ತಿ ಬೀಳುವ ಕಡೆ ಬಿಲ್ ಉಬ್ಬಿಸಿದರೆ ಆಮದುದಾರನ ಕೈಸುಡುತ್ತೆ. ಸುಂಕ ಸೊನ್ನೆ ಇರುವ ಕಡೆ ಅವನಿಗೆ ಏನೂ ಖರ್ಚಿಲ್ಲ.

ಕೋಡ್ ಬದಲಾವಣೆಯ ಷರತ್ತೂ ಕೃಷಿಯಲ್ಲಿ ಸಡಿಲವೇ. ಹಸಿರು ಕಾಫಿ ಬೀಜ 0901.11, ಹುರಿದದ್ದು 0901.21. ಆಸಿಯಾನ್ ಆಚೆಯ ಬೀಜವನ್ನು ಅಲ್ಲಿ ಹುರಿದರೆ ಕೋಡ್ ಬದಲಾಯಿತು, ಬೆಲೆಯಲ್ಲಿ ಶೇ 35 ತೋರಿಸಿಬಿಟ್ಟರೆ ಅದು ಆಸಿಯಾನ್ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ಕರ್ನಾಟಕ ಕೇಳಬೇಕಾದ್ದು ಸರಳ: ಕಾಫಿ, ಮೆಣಸು, ಅಡಿಕೆ ಯಾವ ರೂಪದಲ್ಲಿ ಬಂದರೂ ಬೀಜ, ಕಾಯಿ ಆ ನೆಲದಲ್ಲೇ ಬೆಳೆದಿರಬೇಕು. ಈಗಿನ ಒಪ್ಪಂದದಲ್ಲಿ ಎಲ್ಲ ಮಾಲಿಗೂ ಒಂದೇ ಅಳತೆಗೋಲು. ಆಸಿಯಾನ್, ಚೀನಾ, ಜಪಾನ್ ಎಲ್ಲ ಸೇರಿದ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಲ್ಲಿ ಒಂದೊಂದು ಉತ್ಪನ್ನಕ್ಕೆ ಒಂದೊಂದು ನಿಯಮ ಇದೆ. ಆ ಪದ್ಧತಿ ನಮಗೂ ಬೇಕು, ಅದೂ ನಮ್ಮ ಪಟ್ಟಿಯೊಂದಿಗೆ.

ಎಲ್ಲ ಕಡೆಯೂ ನಿಯಮ ಬಿಗಿ ಮಾಡಿ ಅಂತಲ್ಲ. ಪೀಣ್ಯದಲ್ಲಿ ತಯಾರಾಗುವ, ಕಂಪ್ಯೂಟರ್ ನಡೆಸುವ 40 ಲಕ್ಷದ ಸಿಎನ್‌ಸಿ ಯಂತ್ರವನ್ನು ವಿಯೆಟ್ನಾಂಗೆ ಕಳಿಸುವವರೂ ಇದೇ ನಿಯಮ ದಾಟಬೇಕು. ಕಂಟ್ರೋಲರ್, ಸ್ಪಿಂಡಲ್ ಮೋಟರ್, ಬಾಲ್ ಸ್ಕ್ರೂ, ಗೈಡ್‌ವೇ ಹೊರದೇಶದ್ದಾದರೆ ಎಲ್ಲ ಸೇರಿ 26 ಲಕ್ಷದೊಳಗೆ ಇರಬೇಕು. ಸಣ್ಣ ಕಾರ್ಖಾನೆಗಳು ಎಡವುವುದು ಲೆಕ್ಕದಲ್ಲಲ್ಲ, ದಾಖಲೆಯಲ್ಲಿ. ಪಕ್ಕದ ಶೆಡ್‌ನಿಂದ ತಂದ ಭಾಗಕ್ಕೆ ಅದು ಇಲ್ಲೇ ತಯಾರಾದದ್ದು ಅನ್ನೋ ಪುರಾವೆ ಇಲ್ಲದಿದ್ದರೆ, ಅದನ್ನೂ ಹೊರಗಿನ ಮಾಲು ಅಂತ ಎಣಿಸ್ತಾರೆ. ಇನ್ನೊಂದು ಎಡವಟ್ಟು: ನಾವು ಬರೆದ ಕೋಡ್ ಒಂದು, ಅಲ್ಲಿನ ಕಸ್ಟಮ್ಸ್ ಓದುವ ಕೋಡ್ ಇನ್ನೊಂದು. ಮಾಲಿನ ಮೂಲ ಹೇಳುವ ಫಾರ್ಮ್ ಎಐ ಪ್ರಮಾಣಪತ್ರ ಕೈಯಲ್ಲಿದ್ದರೂ ರಿಯಾಯಿತಿ ಸಿಗಲ್ಲ. ಆರ್ಡರ್ ಒಪ್ಪುವ ಮೊದಲೇ ಖರೀದಿದಾರನ ಹತ್ತಿರ ಅವರ ದೇಶದ ಕೋಡ್ ಬರೆಸಿಕೊಳ್ಳಿ. ಹಡಗು ಸಿಂಗಪುರದಲ್ಲಿ ಬದಲಾದರೆ ಹೊರಟ ಬಂದರಿನಿಂದ ತಲುಪುವ ಬಂದರಿನವರೆಗೆ ಒಂದೇ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗು ಸಾಗಣೆ ಪತ್ರ, ಇರಲಿ.

ಆಮದಿನ ಕಡೆ 2020ರ ಸೆಪ್ಟೆಂಬರ್ 21ರಿಂದ ಕಾರೋಟಾರ್ ನಿಯಮ ಬಂದಿದೆ. ಪ್ರಮಾಣಪತ್ರ ತೋರಿಸಿದರೆ ಸಾಲದು. ಮಾಲು ಹೇಗೆ ತಯಾರಾಯಿತು ಅನ್ನೋ ಮಾಹಿತಿ ಆಮದುದಾರನ ಬಳಿ ಇರಬೇಕು, ಐದು ವರ್ಷ ಕಾಪಾಡಬೇಕು. ಒಳ್ಳೆಯ ನಿಯಮ. ಆದರೆ ಅದು ನಮ್ಮ ದೇಶದ ಕಾನೂನು. ಅಲ್ಲಿನ ಕಾರ್ಖಾನೆಗೆ ಹೋಗಿ ನೋಡೋಕೆ, ಇಷ್ಟು ದಿನದಲ್ಲಿ ಉತ್ತರ ಕೊಡಿ ಅನ್ನೋಕೆ ಒಪ್ಪಂದದಲ್ಲೇ ಬಲವಾದ ಸಾಲು ಬೇಕು.

ಮೆಣಸಿನ ಬೆಳೆಗಾರರಿಗೆ ಇನ್ನೂ ಒಂದು ಕಷ್ಟ ಇದೆ. ಆಸಿಯಾನ್ ಒಪ್ಪಂದದಲ್ಲಿ ವಿಯೆಟ್ನಾಂ ಮೆಣಸಿಗೆ ಶೇ 50 ಸುಂಕ. ಶ್ರೀಲಂಕಾ ಮೆಣಸಿಗೆ ದಕ್ಷಿಣ ಏಷ್ಯಾ ದೇಶಗಳ ವ್ಯಾಪಾರ ಒಪ್ಪಂದವಾದ ಸಾಫ್ಟಾ ಅಡಿ ಶೇ 8, ದ್ವಿಪಕ್ಷೀಯ ಒಪ್ಪಂದದಡಿ 2,500 ಟನ್‌ವರೆಗೆ ಸೊನ್ನೆ. ವಿಯೆಟ್ನಾಂ ಮೆಣಸು ಕೊಲಂಬೊ ಸುತ್ತಿ ಬರುತ್ತೆ ಅಂತ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ಕೂಗಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಬಂತು. ಒಂದು ಒಪ್ಪಂದ ಬರೆಯುವಾಗ ಉಳಿದ ಒಪ್ಪಂದಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು.

ತಡೆ ಎಷ್ಟು ಬೇಗ ಬೀಳಬೇಕು ಅನ್ನೋದಕ್ಕೆ ತಾಳೆ ಎಣ್ಣೆಯೇ ಸಾಕ್ಷಿ. 2019ರ ಜನವರಿಯಲ್ಲಿ ಸಂಸ್ಕರಿತ ಎಣ್ಣೆಗೆ ಆಸಿಯಾನ್ ದರ ಶೇ 50, ಮಲೇಷ್ಯಾ ಜೊತೆಗಿನ ಪ್ರತ್ಯೇಕ ಒಪ್ಪಂದದಲ್ಲಿ 45, ಕಚ್ಚಾ ಎಣ್ಣೆಗೆ 40. ಕಚ್ಚಾ ಮತ್ತು ಸಂಸ್ಕರಿತದ ನಡುವಿನ ಅಂತರ ಮಲೇಷ್ಯಾಗೆ ಬರೀ 5 ಆಗಿಹೋಯಿತು. ಆ ಐದೇ ಪರ್ಸೆಂಟಿಗೆ ಸಂಸ್ಕರಿಸುವ ಕೆಲಸ ಅತ್ತ ಜರುಗಿತು, ನಮ್ಮ ಬಂದರುಗಳ ಪಕ್ಕದ ಘಟಕಗಳು ಕೆಲಸ ಕಳೆದುಕೊಂಡವು. ಶೇ 5 ರಕ್ಷಣಾ ಸುಂಕ (ಆಮದು ಉಕ್ಕಿದಾಗ ಹಾಕುವ ತಾತ್ಕಾಲಿಕ ಸುಂಕ) ಬಿದ್ದಿದ್ದು ಸೆಪ್ಟೆಂಬರ್ 4ಕ್ಕೆ, ಅಂದರೆ ಎಂಟು ತಿಂಗಳು ಕಳೆದ ಮೇಲೆ, ಅದೂ 180 ದಿನಕ್ಕೆ. ಎಣ್ಣೆ ಘಟಕ ಎಂಟು ತಿಂಗಳು ಹೇಗೋ ತಾಳಬಹುದು. ಅಡಿಕೆ ಮಾರುವ ರೈತನಿಗೆ ಒಂದು ಸೀಸನ್ ಹೋದರೆ ಆ ವರ್ಷದ ಸಾಲ ಹಾಗೇ ನಿಂತಿತು. ಕೃಷಿ ಮಾಲಿಗೆ ಪ್ರಮಾಣದ ಗೆರೆ ಇರಬೇಕು: ಹಿಂದಿನ ಮೂರು ವರ್ಷದ ಸರಾಸರಿಗಿಂತ ಇಷ್ಟು ಟನ್ ಹೆಚ್ಚಾದ ಕೂಡಲೇ, ತನಿಖೆಗೆ ಕಾಯದೆ, ಸುಂಕ ಹಳೆಯ ಮಟ್ಟಕ್ಕೆ ಮರಳಬೇಕು.

ಒಪ್ಪಂದ ಬಿಟ್ಟು ಬಂದರೆ ಆಗದೇ ಅನ್ನೋರಿಗೆ ಒಂದು ಮಾತು. 2019ರ ನವೆಂಬರ್ 4ರಂದು ಆರ್‌ಸಿಇಪಿಯಿಂದ ನಾವು ಹೊರಬಂದೆವು. ಆಸಿಯಾನ್ ದೇಶಗಳು ಚೀನಾ, ಜಪಾನ್, ಕೊರಿಯಾ ಮೊದಲಾದವುಗಳ ಜೊತೆ ಸೇರಿ 2022ರಿಂದ ಅದನ್ನು ಹಂತ ಹಂತವಾಗಿ ಜಾರಿಗೆ ತಂದವು. ಅವರ ಮಾರುಕಟ್ಟೆಯಲ್ಲಿ ಚೀನಾದ ಯಂತ್ರಕ್ಕೆ ದಾರಿ ಇನ್ನಷ್ಟು ಹಸನಾಯಿತು. ಆಸಿಯಾನ್ ಒಪ್ಪಂದವೂ ಇಲ್ಲದಿದ್ದರೆ ನಮ್ಮ ಔಷಧ, ಯಂತ್ರ, ಬಿಡಿಭಾಗಗಳು ಅಲ್ಲಿ ಪೂರ್ತಿ ಸುಂಕ ಕಟ್ಟಿ ಸ್ಪರ್ಧಿಸಬೇಕಾಗುತ್ತೆ. ಹತ್ತಿರ ಹೋಗೋಣ, ಇನ್ನೂ ಹತ್ತಿರ ಹೋಗೋಣ. ಇಂಡೋನೇಷ್ಯಾದ ಮುಚ್ಚಿದ ಸಾಲುಗಳನ್ನು ತೆರೆಸೋಣ. ಕಾಫಿಯ ಶೇ 45, ಮೆಣಸಿನ ಶೇ 50 ಇದ್ದಲ್ಲೇ ಇರಲಿ, ಬದಲಿಗೆ ನಮಗೆ ಬೇಡವಾದ ಬೇರೆ ಸಾಲುಗಳನ್ನು ಬಿಟ್ಟುಕೊಡೋಣ.

ಸಹಕಾರಿ ಸಂಘ, ಬೆಳೆಗಾರರ ಒಕ್ಕೂಟ, ಸಣ್ಣ ಕೈಗಾರಿಕೆ ಸಂಘದಲ್ಲಿ ಇರೋರು ವಾಣಿಜ್ಯ ಸಚಿವಾಲಯಕ್ಕೆ, ಕಾಫಿ ಮಂಡಳಿಗೆ, ಸಾಂಬಾರ ಮಂಡಳಿಗೆ ಬರೆಯುವಾಗ 'ರೈತರನ್ನು ಉಳಿಸಿ' ಅಂತಷ್ಟೇ ಬರೆಯಬೇಡಿ. ಆ ಪತ್ರ ಫೈಲಿಗೆ ಸೇರುತ್ತೆ ಅಷ್ಟೇ. ಎಂಟಂಕಿಯ ಕೋಡ್ ಬರೆಯಿರಿ, ಅದರ ಅಕ್ಕಪಕ್ಕದ ಕೋಡ್‌ಗಳನ್ನೂ ಬರೆಯಿರಿ. ಕ್ವಿಂಟಲಿಗೆ ನಿಮ್ಮ ಉತ್ಪಾದನಾ ವೆಚ್ಚ ಎಷ್ಟು, ಆಮದು ಮಾಲು ಯಾವ ಬಂದರಿನಿಂದ, ಯಾವ ತಿಂಗಳು, ಎಷ್ಟು ಬೆಲೆಗೆ ಬಂತು, ಆ ತಿಂಗಳು ನಿಮ್ಮ ಎಪಿಎಂಸಿಯಲ್ಲಿ ದರ ಎಷ್ಟಿತ್ತು, ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ. ಮೂಲದ ನಿಯಮ ಯಾವ ಪದಗಳಲ್ಲಿ ಇರಬೇಕು ಅನ್ನೋದನ್ನೂ ನೀವೇ ಬರೆದುಕೊಡಿ. ಮಾತುಕತೆಗೆ ಕೂರುವ ಅಧಿಕಾರಿಯ ಮುಂದೆ ಸಾವಿರಾರು ಸಾಲುಗಳಿರುತ್ತವೆ, ಹುರಿದ ಅಡಿಕೆಯ ಸಾಲು ಅವುಗಳಲ್ಲಿ ಎಲ್ಲಿದೆ ಅಂತ ಅವರಿಗೆ ಬೆರಳಿಟ್ಟು ತೋರಿಸಬೇಕಾದವರು ಅಡಿಕೆ ಬೆಳೆಯುವವರೇ.